ರಾಕೆಟ್ ಖಾಸಗಿಯವರದಾದರೆ "ನಿಲ್ಲಿಸಿ" ಎನ್ನುವವರು ಯಾರು?

ಬೆಣ್ಣೆನಗರಿಯ ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಪದವಿಪೂರ್ವ ಕಾಲೇಜೊಂದರಲ್ಲಿ 26 ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಮಗಳು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದಾಳೆ. ಈಗ ರಾಕೆಟ್ ಎಂಜಿನ್ ಮಾಡುವ ಖಾಸಗಿ ನವೋದ್ಯಮವೊಂದು ಅವಳನ್ನು ಪರೀಕ್ಷಾ ತಂಡಕ್ಕೆ ಕರೆದಿದೆ. ಅವಳಿಗೆ ಹೋಗಲೇಬೇಕೆಂಬ ಆಸೆ. ಅವಳ ತಾಯಿಗೆ ಎಳ್ಳಷ್ಟೂ ಇಷ್ಟವಿಲ್ಲ.

ನನ್ನ ಪ್ರಶ್ನೆ ಸಂಬಳದ್ದಲ್ಲ. 2025ರ ಜೂನ್‌ನಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಅವರು ಆಕ್ಸಿಯಂ-4 ಎಂಬ ಖಾಸಗಿ ಬಾಹ್ಯಾಕಾಶ ಯಾನಕ್ಕೆ ಹೊರಟಿದ್ದಾಗ ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್-9 ರಾಕೆಟ್‌ನಲ್ಲಿ ದ್ರವ ಆಮ್ಲಜನಕ ಸೋರುತ್ತಿರುವುದು ತಿಳಿದು ಉಡಾವಣೆ ಮುಂದಕ್ಕೆ ಹೋಯಿತು. ನಮ್ಮ ಇಸ್ರೋ ತಂಡ ಪಟ್ಟು ಹಿಡಿದು ಅದನ್ನು ಸರಿಪಡಿಸುವಂತೆ ಮಾಡಿತೆಂದು ಪತ್ರಿಕೆಗಳಲ್ಲಿ ಓದಿದೆ. ಅಂದಿನಿಂದ ಒಂದೇ ಯೋಚನೆ ಕಾಡುತ್ತಿದೆ. ಹೂಡಿಕೆದಾರರ ಹಣ, ಗ್ರಾಹಕರಿಗೆ ಕೊಟ್ಟ ದಿನಾಂಕ, ಪೈಪೋಟಿ ಎಲ್ಲವೂ ಬೆನ್ನ ಹಿಂದೆ ನಿಂತಿರುವಾಗ ಖಾಸಗಿ ಕಂಪನಿಯಲ್ಲಿ ಕೆಲಸ ಮಾಡುವ ಒಬ್ಬ ಎಂಜಿನಿಯರು ಧೈರ್ಯವಾಗಿ "ನಿಲ್ಲಿಸಿ" ಎನ್ನಲು ಸಾಧ್ಯವೇ? ಅಂದರೆ ಕೇಳುವವರಿರುತ್ತಾರೆಯೇ? ತಿಳಿದವರು ದಯವಿಟ್ಟು ಹೇಳಿ.

ಕೋಲಾರದ ಕಿಡಿ
ಕಳುಹಿಸಿ ಸರ್, ಎರಡನೆಯ ಯೋಚನೆಯೇ ಬೇಡ. ಸ್ಪೇಸ್‌ಎಕ್ಸ್‌ನ ಮೊದಲ ಮೂರು ಫಾಲ್ಕನ್-1 ರಾಕೆಟ್‌ಗಳೂ ವಿಫಲವಾದವು. ನಾಲ್ಕನೆಯದು 2008ರ ಸೆಪ್ಟೆಂಬರ್ 28ರಂದು ಕಕ್ಷೆ ತಲುಪಿತು. ಅದೂ ಬಿದ್ದಿದ್ದರೆ ಕಂಪನಿಯೇ ಉಳಿಯುತ್ತಿರಲಿಲ್ಲ. ಅಪಾಯಕ್ಕೆ ಹೆದರಿ ಕುಳಿತಿದ್ದರೆ ಇಂದು ರಾಕೆಟ್‌ನ ಕೆಳಹಂತ ಮರಳಿ ಬಂದು ನೆಟ್ಟಗೆ ಇಳಿಯುವುದನ್ನು ನಾವು ನೋಡುತ್ತಿರಲಿಲ್ಲ.

ಹೂಸ್ಟನ್ನಿನ ಹೆಬ್ಬಾರರು
ಮೇಷ್ಟ್ರೇ, ಆಕ್ಸಿಯಂ-4ರ ವಿಷಯದಲ್ಲಿ ಒಂದು ಸಣ್ಣ ತಿದ್ದುಪಡಿ. ಆ ಬೂಸ್ಟರ್‌ನ (ರಾಕೆಟ್‌ನ ಕೆಳಹಂತದ) ಹಿಂದಿನ ಹಾರಾಟದಲ್ಲಿಯೇ ಸೋರಿಕೆ ಇತ್ತೆಂಬುದು ಸ್ಪೇಸ್‌ಎಕ್ಸ್‌ಗೆ ಗೊತ್ತಿತ್ತು. ದುರಸ್ತಿಯ ಸಮಯದಲ್ಲಿ ಅದು ಪೂರ್ತಿಯಾಗಿ ಸರಿಹೋಗಿರಲಿಲ್ಲ. ಉಡಾವಣಾ ವೇದಿಕೆಯ ಮೇಲೆ ಏಳು ಸೆಕೆಂಡುಗಳ ಎಂಜಿನ್ ಪರೀಕ್ಷೆ ನಡೆಸಿದಾಗ ಅದು ಮತ್ತೆ ಕಾಣಿಸಿಕೊಂಡಿತು. ಉಡಾವಣೆಯನ್ನು ಮುಂದೂಡಿದ್ದು ಎಲ್ಲರೂ ಸೇರಿ. ಸೋರಿಕೆಯ ಮೂಲ ಹುಡುಕಿ ಸರಿಪಡಿಸಲೇಬೇಕೆಂದು ತಮ್ಮ ತಂಡ ಒತ್ತಾಯಿಸಿತು, ಕೊನೆಗೆ ಕೊಳವೆಯಲ್ಲಿ ಬಿರುಕು ಸಿಕ್ಕಿತು ಎಂದು ಇಸ್ರೋ ಅಧ್ಯಕ್ಷ ವಿ. ನಾರಾಯಣನ್ ಅವರು ಬಹಿರಂಗವಾಗಿ ಹೇಳಿದ್ದಾರೆ. ಅವರ ಪಾತ್ರವನ್ನು ಕಡಿಮೆ ಮಾಡಲು ನಾನಿದನ್ನು ಬರೆಯುತ್ತಿಲ್ಲ. "ನಾವು ಬುದ್ಧಿವಂತರು, ಅವರು ದಡ್ಡರು" ಎಂಬ ಕಥೆಯಾಗಿ ಇದು ತಿರುಗಬಾರದು, ಅಷ್ಟೇ. ಆ ದಿನ ಕೆಲಸಕ್ಕೆ ಬಂದದ್ದು ಹೊರಗಿನಿಂದ ಬಂದು ಕುಳಿತ, ಆ ಕಂಪನಿಯ ಸಂಬಳ ತಿನ್ನದ ಇನ್ನೊಂದು ಜೋಡಿ ಕಣ್ಣು.

ಬೋಯಿಂಗ್ ಕಂಪನಿಯ ಸ್ಟಾರ್‌ಲೈನರ್ ನೌಕೆಯ ಪ್ರಕರಣವನ್ನು ಇದರ ಪಕ್ಕದಲ್ಲಿಟ್ಟು ನೋಡಿ. 2014ರಲ್ಲಿ ಗಗನಯಾತ್ರಿಗಳನ್ನು ಸಾಗಿಸುವ ಗುತ್ತಿಗೆಯನ್ನು ನಾಸಾ ಎರಡು ಕಂಪನಿಗಳಿಗೆ ಕೊಟ್ಟಿತು: ಬೋಯಿಂಗ್‌ಗೆ ಸುಮಾರು 420 ಕೋಟಿ ಡಾಲರ್, ಸ್ಪೇಸ್‌ಎಕ್ಸ್‌ಗೆ ಸುಮಾರು 260 ಕೋಟಿ ಡಾಲರ್. ಕಡಿಮೆ ಹಣ ಪಡೆದ ಕಂಪನಿ 2020ರ ಮೇ 30ರಂದು ಇಬ್ಬರನ್ನು ಹೊತ್ತ ನೌಕೆಯನ್ನು ಬಾಹ್ಯಾಕಾಶ ನಿಲ್ದಾಣಕ್ಕೆ ಹಾರಿಸಿತು. ಬೋಯಿಂಗ್‌ನ ಸ್ಟಾರ್‌ಲೈನರ್ ಮನುಷ್ಯರನ್ನು ಹೊತ್ತು ಹೊರಟದ್ದು 2024ರ ಜೂನ್ 5ರಂದು. ಹೀಲಿಯಂ ಸೋರಿತು, ನಿಲ್ದಾಣ ಸಮೀಪಿಸುವಾಗ ನೌಕೆಯ ದಿಕ್ಕು ತಿದ್ದುವ 28 ಪುಟ್ಟ ಎಂಜಿನ್‌ಗಳಲ್ಲಿ (ಥ್ರಸ್ಟರ್) 5 ಕೈಕೊಟ್ಟವು. ಕಂಪನಿ ತನ್ನ ನೌಕೆ ಸುರಕ್ಷಿತವೆಂದೇ ವಾದಿಸುತ್ತಿತ್ತು. ನಾಸಾ ಆಗಸ್ಟ್ 24ರಂದು "ಬೇಡ" ಎಂದು ತೀರ್ಮಾನಿಸಿ ನೌಕೆಯನ್ನು ಖಾಲಿಯಾಗಿ ಕೆಳಗಿಳಿಸಿತು. ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಎಂಟು ದಿನಗಳಿಗೆಂದು ಹೋದವರು 286 ದಿನ ಕಳೆದು, 2025ರ ಮಾರ್ಚ್ 18ರಂದು ಸ್ಪೇಸ್‌ಎಕ್ಸ್ ನೌಕೆಯಲ್ಲಿ ಮರಳಿದರು. ಖಾಲಿ ನೌಕೆ ಸರಿಯಾಗಿಯೇ ಇಳಿಯಿತಲ್ಲ, ಸುಮ್ಮನೆ ಹೆದರಿದರು ಎನ್ನುವವರಿದ್ದಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ. ಹೆಲ್ಮೆಟ್ ಇಲ್ಲದೆ ಮನೆ ತಲುಪಿದ ಮಾತ್ರಕ್ಕೆ ಹೆಲ್ಮೆಟ್ ಬೇಡವೆಂದು ಯಾರೂ ಹೇಳುವುದಿಲ್ಲ.

ಸಾಗರದ ಶರಾವತಿ
ಹೆಬ್ಬಾರರೇ, ಹೊರಗಿನ ಕಣ್ಣು ಎಂದರೆ ಸರ್ಕಾರದ ಕಣ್ಣು ಎಂದು ನೀವು ಹೇಳುತ್ತಿರುವಂತಿದೆ. ನಾಸಾದ ಚಾಲೆಂಜರ್ ಶಟಲ್ ನೌಕೆಯ ದುರಂತ ಮರೆತಿರಾ? 1986ರ ಜನವರಿ 28ರ ಹಿಂದಿನ ರಾತ್ರಿ, ಇಷ್ಟು ಚಳಿಯಲ್ಲಿ ರಾಕೆಟ್ ಸಂದುಗಳ ರಬ್ಬರ್ ಉಂಗುರಗಳು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಹಾರಿಸಬೇಡಿ ಎಂದು ಪಟ್ಟು ಹಿಡಿದವರು ಖಾಸಗಿ ಗುತ್ತಿಗೆ ಕಂಪನಿ ಥಿಯೋಕಾಲ್‌ನ ಎಂಜಿನಿಯರುಗಳು. ಅದನ್ನು ಕೇಳಲು ಮನಸ್ಸಿಲ್ಲದೆ ಒತ್ತಡ ಹಾಕಿದ್ದು ಸರ್ಕಾರಿ ಸಂಸ್ಥೆಯಾದ ನಾಸಾ. ಒತ್ತಡಕ್ಕೆ ಮಣಿದದ್ದು ಅದೇ ಕಂಪನಿಯ ಮೇಲಧಿಕಾರಿಗಳು. ಏಳು ಜನ ಸತ್ತರು. 2003ರಲ್ಲಿ ಕಲ್ಪನಾ ಚಾವ್ಲಾ ಅವರೂ ಸೇರಿ ಕೊಲಂಬಿಯಾ ಶಟಲ್‌ನಲ್ಲಿ ಇನ್ನೂ ಏಳು ಜನ. ಶಟಲ್ ಒಟ್ಟು 135 ಬಾರಿ ಹಾರಿತು, ಎರಡು ಬಾರಿ ಮರಳಲಿಲ್ಲ. ಖಾಸಗಿಯೋ ಸರ್ಕಾರಿಯೋ ಎಂಬುದಕ್ಕಿಂತ, ಬೇಡವೆಂದವನ ಮಾತಿಗೆ ಆ ಕೋಣೆಯಲ್ಲಿ ಎಷ್ಟು ಬೆಲೆಯಿದೆ ಎಂದು ನೋಡಬೇಕು.

ಬೆಣ್ಣೆನಗರಿಯ ಮೇಷ್ಟ್ರು
ಶರಾವತಿಯವರೇ, ಚಾಲೆಂಜರ್ ಸುದ್ದಿ ರೇಡಿಯೊದಲ್ಲಿ ಬಂದ ರಾತ್ರಿ ನಾನು ಎಂಎಸ್ಸಿ ವಿದ್ಯಾರ್ಥಿ. ಅದು ಇನ್ನೂ ನೆನಪಿದೆ. ನಿಮ್ಮ ಮಾತು ನಿಜ. ಆದರೆ ಅಲ್ಲಿ ಕೊನೆಗೆ ವಿಚಾರಣಾ ಆಯೋಗ ಕುಳಿತು ಎಲ್ಲವನ್ನೂ ಬಯಲು ಮಾಡಿತು. ಖಾಸಗಿ ಕಂಪನಿಯೊಳಗೆ ಮುಚ್ಚಿಹೋಗುವುದನ್ನು ಯಾರು ತೆರೆಯುತ್ತಾರೆ?

ಹುಬ್ಬಳ್ಳಿಯ ವಕೀಲೆ
ಮೇಷ್ಟ್ರ ಪ್ರಶ್ನೆಗೆ ಕಾನೂನಿನ ಕಡೆಯಿಂದ ಉತ್ತರಿಸುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

1967ರ ಬಾಹ್ಯಾಕಾಶ ಒಪ್ಪಂದದ ಆರನೆಯ ವಿಧಿಯಂತೆ ಖಾಸಗಿಯವರು ಬಾಹ್ಯಾಕಾಶದಲ್ಲಿ ಮಾಡುವ ಪ್ರತಿಯೊಂದು ಕೆಲಸಕ್ಕೂ ಆಯಾ ದೇಶದ ಸರ್ಕಾರವೇ ಹೊಣೆ, ಸರ್ಕಾರವೇ ಅನುಮತಿ ಕೊಟ್ಟು ನಿರಂತರವಾಗಿ ಮೇಲ್ವಿಚಾರಣೆ ಮಾಡಬೇಕು. 1972ರ ಹೊಣೆಗಾರಿಕೆ ಒಪ್ಪಂದದಂತೆ ನೆಲದ ಮೇಲಿನವರಿಗೆ ಹಾನಿಯಾದರೆ ತಪ್ಪು ಯಾರದೆಂದು ಸಾಬೀತುಪಡಿಸುವ ಅಗತ್ಯವೂ ಇಲ್ಲ; ಉಡಾಯಿಸಿದ ದೇಶ ಪರಿಹಾರ ಕೊಡಲೇಬೇಕು. ಎಂದರೆ ನಾಳೆ ನಮ್ಮ ನವೋದ್ಯಮವೊಂದರ ರಾಕೆಟ್ ಬೇರೆ ದೇಶದ ಊರಿನ ಮೇಲೆ ಬಿದ್ದರೆ ಕೈಚೀಲ ತೆರೆಯಬೇಕಾದದ್ದು ಭಾರತ ಸರ್ಕಾರ.

ಇನ್ನು ಒಳಗೆ ಕುಳಿತು ಹೋಗುವ ಪ್ರಯಾಣಿಕರ ವಿಷಯ. ಅಮೆರಿಕದಲ್ಲಿ 2004ರ ಕಾಯ್ದೆಯೊಂದು, ಈ ಉದ್ಯಮ ಇನ್ನೂ ಕೂಸು ಎಂಬ ಕಾರಣ ಕೊಟ್ಟು, ಪ್ರಯಾಣಿಕರ ಸುರಕ್ಷತೆಗೆ ನಿಯಮ ರೂಪಿಸದಂತೆ ವಿಮಾನಯಾನ ನಿಯಂತ್ರಕರ ಕೈ ಕಟ್ಟಿತು. ಗಡುವನ್ನು ಮತ್ತೆ ಮತ್ತೆ ವಿಸ್ತರಿಸಿ ಈಗ 2028ರ ಜನವರಿ 1ರವರೆಗೆ ತಂದು ನಿಲ್ಲಿಸಿದ್ದಾರೆ. ಅಲ್ಲಿಯವರೆಗೆ ಪ್ರಯಾಣಿಕರು ಅಪಾಯಗಳನ್ನೆಲ್ಲ ಓದಿ ತಿಳಿದು ಒಪ್ಪಿ ಸಹಿ ಹಾಕಿದರೆ ಸಾಕು. ಅನುಮತಿ ಕೊಡುವ ಸಂಸ್ಥೆ ನೋಡುವುದು ಮುಖ್ಯವಾಗಿ ನೆಲದ ಮೇಲಿನವರ ಸುರಕ್ಷತೆಯನ್ನು. ಕೂಸು ಎನ್ನಿಸಿಕೊಂಡದ್ದಕ್ಕೆ ಇಪ್ಪತ್ತು ವರ್ಷ ದಾಟಿದೆ. ಇನ್ನೂ ಎಷ್ಟು ದಿನ ತೊಟ್ಟಿಲು ತೂಗಬೇಕು ಎಂಬುದು ನನ್ನ ಪ್ರಶ್ನೆ.

ನಮ್ಮಲ್ಲಿ 2020ರಲ್ಲಿ ಖಾಸಗಿಯವರ ಬಾಹ್ಯಾಕಾಶ ಕೆಲಸಗಳಿಗೆ ಅನುಮತಿ ಕೊಡುವ ಇನ್‌ಸ್ಪೇಸ್ ಸಂಸ್ಥೆ ಬಂತು, 2023ರಲ್ಲಿ ಬಾಹ್ಯಾಕಾಶ ನೀತಿ ಬಂತು. ನೀತಿ ಬೇರೆ, ಕಾಯ್ದೆ ಬೇರೆ. 2017ರಲ್ಲಿ ಕರಡು ಮಸೂದೆ ಪ್ರಕಟವಾಗಿತ್ತು. ನಾನು ಇದನ್ನು ಬರೆಯುವ ಹೊತ್ತಿಗೆ ಅದು ಕಾಯ್ದೆಯಾಗಿಲ್ಲ. ಕಂಪನಿಯೊಳಗೆ ಅಪಾಯ ಕಂಡು ಬಾಯಿಬಿಟ್ಟ ಎಂಜಿನಿಯರಿಗೆ ರಕ್ಷಣೆ ಕೊಡುವ ಒಂದು ಕಲಂ ಆ ಕಾಯ್ದೆಯಲ್ಲಿ ಇರಲೇಬೇಕು.

ಕೋಲಾರದ ಕಿಡಿ
ವಕೀಲರೇ, ಇದನ್ನೇ ನಾನು ಹೆದರುವುದು. ಇನ್ನೂ ಅಂಬೆಗಾಲಿಡುತ್ತಿರುವ ನಮ್ಮ ಕಂಪನಿಗಳಿಗೆ ನೂರು ಫಾರಂ ತುಂಬಿಸಿದರೆ ಅವು ಸಿಂಗಪುರಕ್ಕೋ ಅಮೆರಿಕಕ್ಕೋ ಹೋಗುತ್ತವೆ. ಹೈದರಾಬಾದಿನ ಸ್ಕೈರೂಟ್ 2022ರ ನವೆಂಬರ್ 18ರಂದು ವಿಕ್ರಮ್-ಎಸ್ ಹಾರಿಸಿತು. ಚೆನ್ನೈನ ಅಗ್ನಿಕುಲ್ 2024ರ ಮೇ 30ರಂದು ತ್ರೀಡಿ ಮುದ್ರಿತ ಎಂಜಿನ್ನಿನ ರಾಕೆಟ್ ಹಾರಿಸಿತು. ನಮ್ಮ ಬೆಂಗಳೂರಿನ ಪಿಕ್ಸೆಲ್ ಕಂಪನಿಯ ಉಪಗ್ರಹಗಳು 2025ರ ಜನವರಿಯಲ್ಲಿ ಕಕ್ಷೆಗೇರಿದವು; ಅದರ ಸ್ಥಾಪಕರಲ್ಲೊಬ್ಬರಾದ ಅವೈಸ್ ಅಹ್ಮದ್ ಅವರು ಚಿಕ್ಕಮಗಳೂರಿನ ಆಲ್ದೂರಿನ ಕಡೆಯವರು. ಇವರೆಲ್ಲ ಮೊದಲು ಅಪ್ಪಣೆ ಚೀಟಿ ಹಿಡಿದು ಸಾಲಿನಲ್ಲಿ ನಿಂತಿದ್ದರೆ ಇಷ್ಟು ಬೇಗ ಆಗುತ್ತಿತ್ತೇ?

ಹುಬ್ಬಳ್ಳಿಯ ವಕೀಲೆ
ಕಿಡಿಯವರೇ, ಆ ರಾಕೆಟ್‌ಗಳೆರಡೂ ಹಾರಿದ್ದು ಇನ್‌ಸ್ಪೇಸ್ ಅನುಮತಿ ಪಡೆದು, ಶ್ರೀಹರಿಕೋಟಾದಿಂದ, ಇಸ್ರೋದ ಸುರಕ್ಷತಾ ವ್ಯವಸ್ಥೆಯೊಳಗೆ. ಅಗ್ನಿಕುಲ್ ಹಲವು ಬಾರಿ, ಕೊನೆಯ ಸೆಕೆಂಡುಗಳಲ್ಲಿಯೂ, ಎಣಿಕೆ ನಿಲ್ಲಿಸಿತು. ಟೀಕೆ ಬಂತು, ಆದರೂ ನಿಲ್ಲಿಸಿತು. ನೀವು ಕೊಟ್ಟ ಉದಾಹರಣೆಯೇ ನನ್ನ ವಾದವನ್ನು ಗಟ್ಟಿ ಮಾಡುತ್ತಿದೆ.

ಪೀಣ್ಯದ ಬಸವಣ್ಣ
ಇಲ್ಲಿ ರಾಕೆಟ್ ಹಾರಿಸುವವರ ಮಾತಾಯಿತು. ಅದರ ತುಂಡು ತುಂಡನ್ನು ಕಡೆಯುವವರ ಮಾತೂ ಕೇಳಿ. ಪೀಣ್ಯ ಎರಡನೇ ಹಂತದಲ್ಲಿ ನಂದೊಂದು ಸಣ್ಣ ಶಾಪು, ಮೂರು ಸಿಎನ್‌ಸಿ ಯಂತ್ರ, ಒಂಬತ್ತು ಜನ. ಹಿಂದೆ ಸರ್ಕಾರಿ ಸಂಸ್ಥೆಗೆ ಮಾಡುತ್ತಿದ್ದೆವು, ಈಗ ಖಾಸಗಿಯವರ ಜಾಬ್ ಕೂಡ ಬರುತ್ತದೆ.

ಎರಡು ವರ್ಷದ ಹಿಂದೆ ಅಂಗೈ ಅಗಲದ ಒಂದು ಕವಾಟದ ಬ್ಲಾಕ್ ಬಂತು. ಒಂದು ಕಡೆಯಿಂದ ಉದ್ದ ರಂಧ್ರ, ಇನ್ನೊಂದು ಕಡೆಯಿಂದ ಅಡ್ಡ ರಂಧ್ರ, ಎರಡೂ ಒಳಗೆ ಸೇರಬೇಕು. ಡ್ರಾಯಿಂಗ್‌ನಲ್ಲಿದ್ದ ಅಳತೆಗಳೆಲ್ಲ ಮೈಕ್ರಾನ್ ಲೆಕ್ಕದಲ್ಲಿ ಸರಿಯಿದ್ದವು. ನಮ್ಮಲ್ಲಿ ಮೂವತ್ತು ವರ್ಷದಿಂದ ಇರುವ ಹಿರಿಯ ಕೆಲಸಗಾರರೊಬ್ಬರು ದಂತವೈದ್ಯರು ಬಳಸುವಂಥ ಪುಟ್ಟ ಕನ್ನಡಿಯನ್ನು ರಂಧ್ರದ ಬಾಯಿಗೆ ಹಿಡಿದು, ಟಾರ್ಚ್ ಬಿಟ್ಟು ನೋಡಿದರು. ರಂಧ್ರಗಳು ಕೂಡುವ ಜಾಗದಲ್ಲಿ ಕೂದಲೆಳೆಯಷ್ಟು ಬರ್, ಅಂದರೆ ಕೊರೆದಾಗ ಅಂಚಿನಲ್ಲಿ ನಿಲ್ಲುವ ಲೋಹದ ಎಳೆ, ಉಳಿದಿತ್ತು. ಇಪ್ಪತ್ತು ಬ್ಲಾಕ್‌ಗಳಲ್ಲಿ ಏಳರಲ್ಲಿ. ಅದು ಆಮ್ಲಜನಕದ ಲೈನಿಗೆ ಹೋಗುವ ಭಾಗ ಎಂದು ನಮಗೆ ಗೊತ್ತಿತ್ತು.

ಗ್ರಾಹಕರಿಗೆ ಫೋನ್ ಮಾಡಿದೆ. ಅವರ ಪರ್ಚೇಸ್ ವಿಭಾಗದವರು, "ಅಳತೆ ಸರಿಯಿದೆಯಲ್ಲ, ಇವತ್ತೇ ಕಳುಹಿಸಿ, ಟೆಸ್ಟ್ ಶನಿವಾರ ಇದೆ, ನಾವೇ ತೊಳೆದುಕೊಳ್ಳುತ್ತೇವೆ" ಎಂದರು. ನಾನು ಕಳುಹಿಸಲಿಲ್ಲ. ಏಳನ್ನೂ ಮತ್ತೆ ಕೂರಿಸಿ ಬರ್ ತೆಗೆದು, ತೊಳೆದು, ಪ್ರತಿಯೊಂದರ ಫೋಟೊ ಇನ್‌ಸ್ಪೆಕ್ಷನ್ ರಿಪೋರ್ಟಿಗೆ ಅಂಟಿಸಿ ಐದು ದಿನ ತಡವಾಗಿ ಕೊಟ್ಟೆ. ತಡವಾದದ್ದಕ್ಕೆ ಬಿಲ್ಲಿನಲ್ಲಿ ಹಣ ಹಿಡಿದರು. ಮುಂದಿನ ಆರ್ಡರ್ ನಾಲ್ಕು ತಿಂಗಳು ಬರಲಿಲ್ಲ. ಆಮೇಲೆ ಅದೇ ಕಂಪನಿಯ ಗುಣಮಟ್ಟ ವಿಭಾಗದ ಹುಡುಗಿಯೊಬ್ಬಳು ಶಾಪಿಗೇ ಬಂದು, ಆ ಕನ್ನಡಿ ಹಿಡಿದು ತಾನೂ ನೋಡಿ, ಈ ಪರೀಕ್ಷೆಯನ್ನು ಡ್ರಾಯಿಂಗ್‌ನಲ್ಲೇ ಬರೆಸುತ್ತೇನೆ ಎಂದು ಹೇಳಿ ಹೋದಳು, ಬರೆಸಿದಳು ಕೂಡ. ಈಗ ಮತ್ತೆ ಕೆಲಸ ಕೊಡುತ್ತಿದ್ದಾರೆ. ಮೇಷ್ಟ್ರೇ, ನಿಮ್ಮ ಮಗಳು ಅಂಥವಳಾಗುವುದಾದರೆ ನನ್ನಂಥವರಿಗೆ ಅವಳು ಬೇಕು.

ತುಂಗಾತೀರ
ಬಸವಣ್ಣನವರೇ, ಕೂದಲೆಳೆಯಷ್ಟು ಲೋಹದ ಎಳೆಯಿಂದ ನಿಜವಾಗಿಯೂ ಏನಾಗುತ್ತದೆ?

ಪೀಣ್ಯದ ಬಸವಣ್ಣ
ಒತ್ತಡದ ಆಮ್ಲಜನಕ ವೇಗವಾಗಿ ಹರಿಯುವಾಗ ಎಳೆ ಕಿತ್ತುಕೊಂಡು ಹೋಗಿ ಮುಂದಿನ ತಿರುವಿಗೆ ಬಡಿಯುತ್ತದೆ. ಬಡಿದ ಬಿಸಿಗೆ ಕಿಡಿ ಹೊತ್ತಿದರೆ, ಆಮ್ಲಜನಕದಲ್ಲಿ ಲೋಹವೇ ಸೌದೆಯ ಹಾಗೆ ಉರಿಯುತ್ತದೆ.

ಹೂಸ್ಟನ್ನಿನ ಹೆಬ್ಬಾರರು
ಬಸವಣ್ಣನವರ ಬರಹವನ್ನು ಎರಡು ಬಾರಿ ಓದಿದೆ. ಇದಕ್ಕೆ ಹೊಂದುವ ಎರಡು ಘಟನೆಗಳನ್ನು ಸೇರಿಸುತ್ತೇನೆ. 2015ರ ಜೂನ್ 28ರಂದು ಸರಕು ಹೊತ್ತ ಫಾಲ್ಕನ್-9 ಆಕಾಶದಲ್ಲಿಯೇ ಚೂರಾಯಿತು. ಎರಡನೆಯ ಹಂತದ ಟ್ಯಾಂಕಿನೊಳಗೆ ಹೀಲಿಯಂ ಸೀಸೆಯನ್ನು ಹಿಡಿದಿದ್ದ ಒಂದು ಆಧಾರದ ಭಾಗ, ತಾನು ಹೊರಬೇಕಾದ ಭಾರದ ಐದನೇ ಒಂದು ಭಾಗಕ್ಕೇ ಮುರಿಯಿತೆಂದು ಕಂಪನಿ ಹೇಳಿತು. ಬಾಹ್ಯಾಕಾಶ ದರ್ಜೆಯದಲ್ಲದ, ಕೈಗಾರಿಕಾ ದರ್ಜೆಯ ಬಿಡಿಭಾಗವನ್ನು ಅಂಥ ಜಾಗದಲ್ಲಿ ಬಳಸಿದ್ದೇ ವಿನ್ಯಾಸದ ದೋಷವೆಂದು ನಾಸಾದ ಸ್ವತಂತ್ರ ಪರಿಶೀಲನೆ ಹೇಳಿತು. ಹೊರಗಿನ ಕಣ್ಣಿಗೆ ಒಂದೇ ಚೂರು ಬೇರೆಯಾಗಿ ಕಂಡ ಬಗೆಯನ್ನು ಗಮನಿಸಿ.

ಎರಡನೆಯದು ಹೆಚ್ಚು ನೋವಿನದು. 2014ರ ಅಕ್ಟೋಬರ್ 31ರಂದು ಮೊಹಾವಿ ಮರುಭೂಮಿಯ ಮೇಲೆ ವರ್ಜಿನ್ ಗ್ಯಾಲಕ್ಟಿಕ್‌ನ ಸ್ಪೇಸ್‌ಶಿಪ್‌ಟು ಪರೀಕ್ಷಾ ಹಾರಾಟದಲ್ಲಿ ಒಡೆಯಿತು. ಮರಳುವಾಗ ವೇಗ ತಗ್ಗಿಸಲು ಮಡಚುವ ಬಾಲವೊಂದಿತ್ತು. ಶಬ್ದದ ವೇಗದ 1.4 ಪಟ್ಟು ಮುಟ್ಟಿದ ಮೇಲೆ ತೆಗೆಯಬೇಕಾದ ಅದರ ಬೀಗವನ್ನು ಸಹಪೈಲಟ್ ಮೈಕೆಲ್ ಆಲ್ಸ್‌ಬರಿ ಸುಮಾರು 0.8 ಪಟ್ಟಿನಲ್ಲಿಯೇ ತೆಗೆದರು. ಗಾಳಿಯ ಬಲಕ್ಕೆ ಬಾಲ ತಾನಾಗಿ ಮಡಚಿಕೊಂಡಿತು. ಅವರು ತೀರಿಕೊಂಡರು, ಪೈಲಟ್ ಪೀಟರ್ ಸೀಬೋಲ್ಡ್ ಬದುಕಿದರು. ಸತ್ತವನ ಮೇಲೆ ತಪ್ಪು ಹೊರಿಸಿ ಕಡತ ಮುಚ್ಚುವುದು ಸುಲಭವಿತ್ತು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಹಾಗೆ ಮಾಡಲಿಲ್ಲ. ಒಬ್ಬ ಮನುಷ್ಯನ ಒಂದೇ ತಪ್ಪಿನಿಂದ ನೌಕೆಯೇ ನಾಶವಾಗಬಹುದೆಂಬುದನ್ನು ವಿನ್ಯಾಸ ಮಾಡಿದ ಸ್ಕೇಲ್ಡ್ ಕಾಂಪೋಸಿಟ್ಸ್ ಕಂಪನಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ ಎಂದು ಬರೆಯಿತು. ಮಾನವ ದೋಷದ ವಿಶ್ಲೇಷಣೆಯ ನಿಯಮದಿಂದ ಅನುಮತಿ ಕೊಟ್ಟ ಸಂಸ್ಥೆಯೇ ವಿನಾಯಿತಿ ನೀಡಿದ್ದೂ ಆಗ ಹೊರಬಂತು. ಮೇಷ್ಟ್ರು ಕೇಳಿದ "ಯಾರು ತೆರೆಯುತ್ತಾರೆ" ಎಂಬುದಕ್ಕೆ ಉತ್ತರ ಇಂಥ ಮಂಡಳಿ.

ಚಾಮರಾಜನಗರದ ರೈತ
ಹಾರುವವರು ತಿಳಿದೇ ಹಾರುತ್ತಾರೆ. ಕೆಳಗಿರುವ ನಮ್ಮನ್ನು ಯಾರು ಕೇಳಿದರು? 2022ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ದೊಡ್ಡ ಲೋಹದ ಬಳೆ ಆಕಾಶದಿಂದ ಬಿತ್ತು. ರಾತ್ರಿ ಹೊಲದಲ್ಲಿ ನೀರು ಕಟ್ಟುವವರ ಮೇಲೆ ಬಿದ್ದಿದ್ದರೆ?

ಸಾಗರದ ಶರಾವತಿ
ಅದು ಚೀನಾದ ರಾಕೆಟ್‌ನ ತುಂಡು ಎಂದು ತಜ್ಞರು ಗುರುತಿಸಿದರು, ಖಾಸಗಿಯವರದಲ್ಲ. ಆದರೆ ನಿಮ್ಮ ಆತಂಕಕ್ಕೆ ಆಧಾರವಿದೆ. 2025ರ ಫೆಬ್ರುವರಿಯಲ್ಲಿ ಪೋಲೆಂಡ್‌ನ ಗೋದಾಮೊಂದರ ಆವರಣದಲ್ಲಿ ಫಾಲ್ಕನ್-9ರ ಟ್ಯಾಂಕ್ ಬಿತ್ತು. ಅದೇ ವರ್ಷ ಜನವರಿ 16ರಂದು ಸ್ಪೇಸ್‌ಎಕ್ಸ್‌ನ ದೈತ್ಯ ರಾಕೆಟ್ ಸ್ಟಾರ್‌ಶಿಪ್ ಪರೀಕ್ಷಾ ಹಾರಾಟದಲ್ಲಿ ಸ್ಫೋಟಗೊಂಡಾಗ ಕೆರಿಬಿಯನ್ ಪ್ರದೇಶದ ಮೇಲೆ ಹಾರುತ್ತಿದ್ದ ಪ್ರಯಾಣಿಕ ವಿಮಾನಗಳು ದಾರಿ ಬದಲಿಸಬೇಕಾಯಿತು. ಏಳು ವಾರ ಕಳೆಯುವಷ್ಟರಲ್ಲಿ, ಮಾರ್ಚ್ 6ರಂದು, ಮುಂದಿನ ಸ್ಟಾರ್‌ಶಿಪ್ ಕೂಡ ಹಾಗೆಯೇ ಚೂರಾಯಿತು. ಒಡೆದು ಕಲಿಯುವ ವಿಧಾನವನ್ನು ನಾನು ಪೂರ್ತಿ ವಿರೋಧಿಸುವುದಿಲ್ಲ. ಯಾರೂ ಒಳಗಿಲ್ಲದಾಗ ಒಡೆಯುವುದೇ ಲೇಸು. ಆದರೆ ಒಡೆದ ಚೂರು ಬೀಳುವ ಜಾಗ ಇನ್ನೊಬ್ಬರ ತಲೆಯ ಮೇಲಿದ್ದಾಗ, ಕಲಿಯುವವನು ಒಬ್ಬ, ಶುಲ್ಕ ಕಟ್ಟುವವನು ಮತ್ತೊಬ್ಬ ಆಗುತ್ತಾನೆ.

ಧಾರವಾಡದ ಪೇಢೆ
ಬರೀ ಅಪಾಯವನ್ನೇ ಮಾತನಾಡಿದಿರಿ. ಶುಕ್ಲಾ ಅವರು ಆ ಖಾಸಗಿ ಯಾನದಲ್ಲಿ ನಿಲ್ದಾಣಕ್ಕೆ ಹೋಗಿ ಮೊಳಕೆ ಬರಿಸಿದ ಹೆಸರುಕಾಳು ಮತ್ತು ಮೆಂತೆ ನಮ್ಮ ಧಾರವಾಡದ ಪ್ರಯೋಗದ್ದು. ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಧಾರವಾಡ ಸೇರಿ ರೂಪಿಸಿದ ಪ್ರಯೋಗ. ಸರ್ಕಾರಿ ನೌಕೆಯಲ್ಲಿ ಭಾರತೀಯರ ಸರದಿಗೆ ಕಾದಿದ್ದರೆ, 1984ರಲ್ಲಿ ರಾಕೇಶ್ ಶರ್ಮಾ ಹೋಗಿಬಂದ ಮೇಲೆ 41 ವರ್ಷ ಕಾದಂತೆ ಇನ್ನೂ ಕಾಯುತ್ತಿದ್ದೆವು. ಹಣ ಕೊಟ್ಟರೆ ಆಸನ ಸಿಗುವ ಕಾಲ ಬಂದದ್ದರಿಂದಲೇ ಇದು ಸಾಧ್ಯವಾಯಿತು. ನಮ್ಮ 4,700 ಕಿಲೋ ತೂಕದ ಜಿಸ್ಯಾಟ್-ಎನ್2 ಉಪಗ್ರಹವನ್ನು 2024ರ ನವೆಂಬರ್‌ನಲ್ಲಿ ಕಕ್ಷೆಗೆ ಕಳುಹಿಸಿದ್ದೂ ಫಾಲ್ಕನ್-9 ರಾಕೆಟ್ಟೇ.

ಬೆಣ್ಣೆನಗರಿಯ ಮೇಷ್ಟ್ರು
ಪೇಢೆಯವರೇ, ಇದನ್ನು ಅಲ್ಲಗಳೆಯುವವನು ನಾನಲ್ಲ. ನನ್ನ ಮಗಳ ಆಸೆಯೂ ಅಲ್ಲಿಂದಲೇ ಹುಟ್ಟಿದ್ದು.

ನಿವೃತ್ತ ಪರೀಕ್ಷಾಧಿಕಾರಿ
ಸರ್ಕಾರಿ ಸಂಸ್ಥೆಯೊಂದರ ಎಂಜಿನ್ ಪರೀಕ್ಷಾ ವೇದಿಕೆಯಲ್ಲಿ 31 ವರ್ಷ ದುಡಿದವನು ನಾನು. ಇಷ್ಟು ಹೊತ್ತು ಓದುತ್ತಿದ್ದೆ. ಮೇಷ್ಟ್ರೇ, ಪರೀಕ್ಷೆಯ ದಿನ ಎಲ್ಲರೂ ನಿಯಂತ್ರಣ ಕೊಠಡಿಯಲ್ಲಿ ಇರುತ್ತಾರೆ, ಎಂಜಿನ್ ಹತ್ತಿರ ಒಂದು ನರಪಿಳ್ಳೆಯೂ ಇರುವುದಿಲ್ಲ. ಆದ್ದರಿಂದ ನಿಮ್ಮ ಮನೆಯವರಿಗೆ ಹೇಳಿ, ಎಂಜಿನ್ ಉರಿಯುವ ಹೊತ್ತಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ಅದಕ್ಕೆ ಮುಂಚೆ ಮತ್ತು ನಂತರ: ಟ್ಯಾಂಕ್ ತುಂಬುವಾಗ, ಒತ್ತಡವಿರುವ ಲೈನಿನ ಬಳಿ ಹೋಗುವಾಗ, ಪರೀಕ್ಷೆ ಅರ್ಧಕ್ಕೆ ನಿಂತ ಮೇಲೆ ಏನಾಯಿತೆಂದು ನೋಡಲು ಹೊರಡುವಾಗ. ಅರ್ಧಕ್ಕೆ ನಿಂತ ಪರೀಕ್ಷೆಯ ಮರುಗಳಿಗೆಯಲ್ಲಿ ಎಲ್ಲರಿಗೂ ಆತುರ. ನಮ್ಮಲ್ಲೊಮ್ಮೆ ಒತ್ತಡಮಾಪಕ ಸೊನ್ನೆ ತೋರಿಸುತ್ತಿದ್ದಾಗ ಕಿರಿಯ ತಂತ್ರಜ್ಞನೊಬ್ಬ, "ಇನ್ನೊಂದು ಮಾಪಕ ಸೊನ್ನೆಗೆ ಬಂದಿಲ್ಲ, ಬಾಗಿಲು ತೆರೆಯಬೇಡಿ" ಎಂದ. ಮೇಲಧಿಕಾರಿ ಗದರಿದರು. ಅವನು ಬಾಗಿಲಿಗೆ ಅಡ್ಡ ನಿಂತ. ಮೊದಲ ಮಾಪಕದ ತಂತಿ ಕಡಿದಿತ್ತು, ಲೈನಿನಲ್ಲಿ ಪೂರ್ತಿ ಒತ್ತಡವಿತ್ತು.

ಮಗಳು ಸೇರುವ ಮುನ್ನ ಕಂಪನಿಯವರನ್ನು ಮೂರು ಮಾತು ಕೇಳಲಿ. ಪರೀಕ್ಷೆ ನಿಲ್ಲಿಸುವ ಅಧಿಕಾರ ಯಾರಿಗಿದೆ? ಅದನ್ನು ಕಡೆಯ ಬಾರಿ ಬಳಸಿದ್ದು ಯಾವಾಗ? ಬಳಸಿದವನು ಈಗ ಎಲ್ಲಿದ್ದಾನೆ? ಮೊದಲನೆಯದಕ್ಕೆ ಎಲ್ಲ ಕಂಪನಿಗಳೂ ಚೆಂದದ ಉತ್ತರ ಕೊಡುತ್ತವೆ. ಉಳಿದೆರಡನ್ನು ಗಮನವಿಟ್ಟು ಕೇಳಿಸಿಕೊಳ್ಳಲಿ.

ಕೋಲಾರದ ಕಿಡಿ
ಸರ್, ಆ ತಂತ್ರಜ್ಞ ಏನಾದ?

ನಿವೃತ್ತ ಪರೀಕ್ಷಾಧಿಕಾರಿ
ಗದರಿದ ಅಧಿಕಾರಿ ಮರುದಿನ ಎಲ್ಲರೆದುರು ಅವನ ಕೈ ಹಿಡಿದು ಕ್ಷಮೆ ಕೇಳಿದರು. ಆ ಅಧಿಕಾರಿ ನಾನೇ.

ಬೆಣ್ಣೆನಗರಿಯ ಮೇಷ್ಟ್ರು
ನಾಲ್ಕು ದಿನಗಳ ನಂತರ ಬರೆಯುತ್ತಿದ್ದೇನೆ. ಇಲ್ಲಿನ ಉತ್ತರಗಳನ್ನೆಲ್ಲ ಮಗಳಿಗೂ ಅವಳ ತಾಯಿಗೂ ಓದಿ ಹೇಳಿದೆ. ನಿನ್ನೆ ಅವಳು ಕಂಪನಿಯವರೊಂದಿಗೆ ವಿಡಿಯೊ ಕರೆಯಲ್ಲಿ ಆ ಮೂರೂ ಪ್ರಶ್ನೆ ಕೇಳಿದಳು. ಪರೀಕ್ಷಾ ಮುಖ್ಯಸ್ಥರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಳೆದ ತಿಂಗಳು ಎಣಿಕೆ 40 ಸೆಕೆಂಡಿಗೆ ಬಂದಾಗ ತರಬೇತಿಯಲ್ಲಿದ್ದ ಹುಡುಗನೊಬ್ಬ ಕವಾಟವೊಂದರ ತಾಪಮಾನ ಸರಿಯಿಲ್ಲವೆಂದು ನಿಲ್ಲಿಸಿದ, ಆಮೇಲೆ ನೋಡಿದರೆ ಕವಾಟ ಸರಿಯಾಗಿಯೇ ಇತ್ತು, ಒಂದು ದಿನದ ಕೆಲಸ ವ್ಯರ್ಥವಾಯಿತು ಎಂದರಂತೆ. ಆ ಹುಡುಗ ಈಗ ಎಲ್ಲಿದ್ದಾನೆ ಎಂದು ಇವಳು ಕೇಳಿದಳು. ಅವರು ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸಿದರು. ಅವನು ಅದೇ ಕೋಣೆಯಲ್ಲಿ, ಮುಂದಿನ ಪರೀಕ್ಷೆಯ ಪಟ್ಟಿ ಬರೆಯುತ್ತಾ ಕುಳಿತಿದ್ದನಂತೆ.

ಅವಳ ತಾಯಿ ಇನ್ನೂ ಒಪ್ಪಿಗೆ ಎಂದು ಬಾಯಿಬಿಟ್ಟು ಹೇಳಿಲ್ಲ. ಆದರೆ ಬೆಳಿಗ್ಗೆ ಅಟ್ಟದಿಂದ ದೊಡ್ಡ ಸೂಟ್‌ಕೇಸ್ ಇಳಿಸಿ ಬಿಸಿಲಿಗೆ ಇಟ್ಟಿದ್ದಾಳೆ.